ಗುರುತು ಕೊಡದ ಮೀನು

2003ರಲ್ಲಿ ‘ಫೈಂಡಿಂಗ್ ನೀಮೋ’ ಸಿನಿಮಾ ಬಂದಾಗಿನಿಂದ ಕಡಲನ್ನೇ ಕಾಣದ ಮಕ್ಕಳಿಗೂ ಒಂದು ಕಡಲ ಮೀನು ಪರಿಚಯ. ಕಿತ್ತಳೆ ಮೈ, ಅದರ ಮೇಲೆ ಮೂರು ಬಿಳಿ ಪಟ್ಟೆ, ಪಟ್ಟೆಯ ಅಂಚಿಗೆ ಕಪ್ಪು ಗೆರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಎಲ್ಲಿ ನಿಂತರೂ ಉಪ್ಪುನೀರು ಮುಟ್ಟಲು 200 ಕಿಲೋಮೀಟರಿಗೂ ಹೆಚ್ಚು ದೂರ ಹೋಗಬೇಕು. ಇಲ್ಲಿ ಮೀನೆಂದರೆ ಕೆರೆಯ ಗೆಂಡೆ, ಜಿಲೇಬಿ, ಕೊರಮೀನು. ಆದರೂ ಇಲ್ಲಿನ ಮಗುವೊಂದಕ್ಕೆ ಆ ಪಟ್ಟೆ ಮೀನಿನ ಚಿತ್ರ ತೋರಿಸಿ ನೋಡಿ, ಕೇಳುವ ಮೊದಲೇ ‘ನೀಮೋ’ ಅನ್ನುತ್ತದೆ.

ಆ ಮೀನಿನ ಮನೆ ಒಂದು ‘ಹೂವು’ ಎಂಬುದೂ ಸಿನಿಮಾ ನೋಡಿದವರಿಗೆ ಗೊತ್ತು. ನೀರಿನಲ್ಲಿ ತೂಗಾಡುವ ನೂರಾರು ಬೆರಳುಗಳ ಗೊಂಚಲು ಅದು. ಆ ಬೆರಳುಗಳು ಕುಟುಕುತ್ತವೆ ಎಂಬುದೂ ಅರೆಬರೆ ಗೊತ್ತು. ಬೇರೆ ಜಾತಿಯ ಸಣ್ಣ ಮೀನೊಂದು ದಾರಿ ತಪ್ಪಿ ಅದಕ್ಕೆ ಸೋಕಿದರೆ ಸೆಟೆದುಕೊಂಡು, ಬೆರಳುಗಳ ಹಿಡಿತಕ್ಕೆ ಸಿಕ್ಕಿ, ಹೊಟ್ಟೆ ಸೇರುತ್ತದೆ. ಈ ಕೋಡಂಗಿ ಮೀನು, ಅಂದರೆ ಕ್ಲೌನ್‌ಫಿಶ್, ಮಾತ್ರ ಅದೇ ಬೆರಳುಗಳ ನಡುವೆ ಮಲಗುತ್ತದೆ, ಏಳುತ್ತದೆ, ಅದರ ಬುಡದಲ್ಲೇ ಮೊಟ್ಟೆ ಇಡುತ್ತದೆ.

ಇಬ್ಬರೂ ಸ್ನೇಹಿತರು ಎಂದುಬಿಟ್ಟರೆ ಸಿನಿಮಾಕ್ಕೆ ಸಾಕು. ಆದರೆ ಸ್ನೇಹ ಇಟ್ಟುಕೊಳ್ಳಲು ಆ ಹೂವಿಗೆ ಮಿದುಳೇ ಇಲ್ಲ. ನೋಡಿ ಗುರುತಿಸಲು ಕಣ್ಣೂ ಇಲ್ಲ. ಹಾಗಾದರೆ ಇವನು ನಮ್ಮವನು, ಅವನು ಊಟ ಎಂದು ಅದಕ್ಕೆ ತಿಳಿಯುವುದು ಹೇಗೆ? ಈ ಜೋಡಿಯನ್ನು ಮನೆಯ ಗಾಜಿನ ಟ್ಯಾಂಕಿನಲ್ಲಿ ಕೂಡಿಸಲು ಹೊರಟವರಿಗೆ ಈ ಪ್ರಶ್ನೆಯ ಉತ್ತರ ಬಹಳ ಉಪಯೋಗಕ್ಕೆ ಬರುತ್ತದೆ.

ಹೂವೆಂಬ ಬೇಟೆಗಾರ

ಕಡಲಹೂವು, ಇಂಗ್ಲಿಷಿನ ಸೀ ಅನಿಮೋನ್, ಗಿಡವಲ್ಲ. ಜೆಲ್ಲಿ ಮೀನಿಗೂ ಹವಳಕ್ಕೂ ನಂಟಿರುವ ಪ್ರಾಣಿ. ಕೆಳಗೆ ಬಂಡೆಗೆ ಅಂಟಿಕೊಳ್ಳುವ ಪಾದ, ಮಧ್ಯೆ ಟೊಳ್ಳಾದ ಹೊಟ್ಟೆ, ಮೇಲೊಂದು ಬಾಯಿ, ಬಾಯಿಯ ಸುತ್ತ ಬೆರಳುಗಳು. ತಿಂದದ್ದು ಒಳಹೋಗಲೂ ಉಳಿದದ್ದು ಹೊರಬರಲೂ ಆ ಬಾಯಿಯೊಂದೇ ದಾರಿ. ಇಷ್ಟು ಸರಳ ಮೈಯಾದರೂ ಆಯುಸ್ಸು ಗಟ್ಟಿ. ಸ್ಕಾಟ್ಲೆಂಡಿನ ಜಾನ್ ಡಾಲಿಯೆಲ್ ಎಂಬ ನಿಸರ್ಗ ಶಾಸ್ತ್ರಜ್ಞ 1828ರಲ್ಲಿ ಕಡಲ ದಂಡೆಯಿಂದ ತಂದು ಜಾಡಿಯಲ್ಲಿಟ್ಟ ಕಡಲಹೂವೊಂದು ಅವನೇ ತೀರಿಕೊಂಡ ಮೇಲೂ ಬದುಕಿತ್ತು. ‘ಅಜ್ಜಿ’ ಎಂದು ಹೆಸರಾಗಿದ್ದ ಅದು ಸತ್ತದ್ದು 1887ರಲ್ಲಿ.

ಇದರ ಆಯುಧ ಇರುವುದು ಬೆರಳಿನ ಚರ್ಮದಲ್ಲಿ. ಅಲ್ಲಿ ಲಕ್ಷಾಂತರ ಕುಟುಕು ಕೋಶಗಳಿವೆ. ಪ್ರತಿ ಕೋಶದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣದೊಂದು ಗುಳಿಗೆ. ಗುಳಿಗೆಯೊಳಗೆ ಸುರುಳಿ ಸುತ್ತಿದ ಟೊಳ್ಳು ನೂಲು, ಜೊತೆಗೆ ವಿಷ. ಸಮಯ ಬಂದಾಗ ಗುಳಿಗೆಯ ಮುಚ್ಚಳ ತೆರೆದು, ನೂಲು ಒಳಹೊರಗಾಗುತ್ತ ಚಿಮ್ಮಿ, ಬೇಟೆಯ ಚರ್ಮ ತೂರಿ ವಿಷ ಬಿಡುತ್ತದೆ. ಕಡಲಹೂವಿನ ದೂರದ ನೆಂಟನಾದ ಹೈಡ್ರಾ ಎಂಬ ಸಿಹಿನೀರಿನ ಜೀವಿಯಲ್ಲಿ ಇದರ ವೇಗವನ್ನು ಜರ್ಮನಿಯ ವಿಜ್ಞಾನಿಗಳು ಅತಿ ವೇಗದ ಕ್ಯಾಮೆರಾ ಹಿಡಿದು ಅಳೆದರು. 2006ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ ನೂಲಿನ ಮೊನೆ ಚಿಮ್ಮಲು ಹಿಡಿದ ಹೊತ್ತು 700 ನ್ಯಾನೋ ಸೆಕೆಂಡ್. ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿದರೆ ಅದರಲ್ಲಿ ಒಂದು ಚೂರಿಗಿಂತಲೂ ಕಡಿಮೆ. ಪ್ರಾಣಿ ಲೋಕದಲ್ಲಿ ನಮಗೆ ಗೊತ್ತಿರುವ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು.

ಈ ಗುಳಿಗೆಯನ್ನು ಒಮ್ಮೆ ಮಾತ್ರ ಬಳಸಬಹುದು. ಸಿಡಿದದ್ದು ಸಿಡಿದಂತೆ, ಅದರ ಜಾಗಕ್ಕೆ ಕಡಲಹೂವು ಹೊಸದೊಂದನ್ನು ಕಟ್ಟಬೇಕು. ಅದಕ್ಕೆ ಹೊತ್ತೂ ಬೇಕು, ಮೈಯ ಕಸುವೂ ಬೇಕು. ಅಲೆಗೆ ಬೆರಳು ಬಂಡೆಗೆ ತಗುಲಿದಾಗ, ಮರಳಿನ ಕಣ ಬಿದ್ದಾಗ, ಪಕ್ಕದ ಬೆರಳು ಸೋಕಿದಾಗಲೆಲ್ಲ ಸಿಡಿಸುತ್ತ ಕೂತರೆ ಒಂದೇ ದಿನದಲ್ಲಿ ಗುಳಿಗೆಗಳೆಲ್ಲ ಖಾಲಿ. ಆದ್ದರಿಂದ ಕುಟುಕುವ ಶಕ್ತಿಯಷ್ಟೇ ಮುಖ್ಯ, ಸುಮ್ಮಸುಮ್ಮನೆ ಕುಟುಕದಿರುವ ಎಚ್ಚರ. ನಮ್ಮ ಒಗಟಿನ ಬೀಗದ ಕೈ ಇರುವುದು ಈ ಎಚ್ಚರದಲ್ಲಿ.

ಹಳೆಯ ಉತ್ತರಗಳು

ಈ ಜೋಡಿಯನ್ನು ವಿಜ್ಞಾನದ ಬರಹದಲ್ಲಿ ಮೊದಲು ದಾಖಲಿಸಿದವನು ಕತ್‌ಬರ್ಟ್ ಕಾಲಿಂಗ್‌ವುಡ್ ಎಂಬ ಇಂಗ್ಲಿಷ್ ನಿಸರ್ಗ ಶಾಸ್ತ್ರಜ್ಞ. ಚೀನಾ ಸಮುದ್ರದಲ್ಲಿ ಭಾರೀ ಗಾತ್ರದ ಕಡಲಹೂವುಗಳನ್ನೂ ಅವುಗಳ ಒಳಗೆ ಆರಾಮವಾಗಿ ಬಾಳುತ್ತಿದ್ದ ಮೀನುಗಳನ್ನೂ ಕಂಡು 1868ರಲ್ಲಿ ಟಿಪ್ಪಣಿ ಬರೆದ. ಆಗಿನಿಂದ ಒಂದೂವರೆ ಶತಮಾನ ‘ಏಕೆ ಕುಟುಕುವುದಿಲ್ಲ’ ಎಂಬ ಪ್ರಶ್ನೆ ಹಾಗೇ ಉಳಿಯಿತು.

ಮೀನಿನ ಲೋಳೆಯಲ್ಲೇ ಗುಟ್ಟಿದೆ ಎಂಬ ಅನುಮಾನ ಬೇಗ ಬಂತು. ಮೀನು ಹಿಡಿದವರಿಗೆಲ್ಲ ಆ ಲೋಳೆ ಗೊತ್ತು, ಕೈಯಿಂದ ಜಾರಿಸುವುದೇ ಅದು. ಕೋಡಂಗಿ ಮೀನಿನ ಲೋಳೆ ಒರೆಸಿ ಬಿಟ್ಟರೆ ಅದನ್ನೂ ಕಡಲಹೂವು ಕುಟುಕುತ್ತದೆ. ಅಂದರೆ ಕಾವಲು ಇರುವುದು ಆ ತೆಳು ಪದರದಲ್ಲಿ. ಆದರೆ ಲೋಳೆ ಮಾಡುವ ಕೆಲಸವೇನು?

ಇದಕ್ಕೆ ಎರಡು ಪಕ್ಷಗಳಾದವು. ಮೀನು ಕಡಲಹೂವಿನ ಲೋಳೆಯನ್ನೇ ಮೈಗೆ ಸವರಿಕೊಂಡು, ‘ನಾನೂ ನಿನ್ನದೇ ಒಂದು ಬೆರಳು’ ಎಂದು ಮೋಸ ಮಾಡುತ್ತದೆ ಎಂದಿತು ಒಂದು ಪಕ್ಷ. ಎರವಲು ಏನೂ ಇಲ್ಲ, ಮೀನಿನ ಸ್ವಂತ ಲೋಳೆಯೇ ಬೇರೆ ತರಹದ್ದು ಎಂದಿತು ಇನ್ನೊಂದು. 1980ರಲ್ಲಿ ಲಬಕ್ ಎಂಬ ಸಂಶೋಧಕ ‘ಕೋಡಂಗಿ ಮೀನನ್ನು ಕಡಲಹೂವು ಏಕೆ ಕುಟುಕುವುದಿಲ್ಲ’ ಎಂಬ ನೇರ ತಲೆಬರಹದ ಪ್ರಬಂಧದಲ್ಲಿ ಎರಡನೆಯ ಪಕ್ಷಕ್ಕೆ ಬಲ ಕೊಟ್ಟ. ಈ ಮೀನಿನ ಲೋಳೆ ಬೇರೆ ಮೀನುಗಳದ್ದಕ್ಕಿಂತ ದಪ್ಪ, ಮುಖ್ಯವಾಗಿ ಅದು ಕಡಲಹೂವನ್ನು ಕೆರಳಿಸುವುದಿಲ್ಲ ಎಂದು ತೋರಿಸಿದ. ಕೆರಳಿಸುವಂಥದ್ದು ಯಾವುದು, ಅದು ಇಲ್ಲಿ ಹೇಗೆ ಇಲ್ಲವಾಯಿತು ಎಂಬುದನ್ನು ತಿಳಿಯಲು ಮೀನನ್ನು ಬಿಟ್ಟು ಕುಟುಕು ಕೋಶವನ್ನು ನೋಡಬೇಕಾಗಿತ್ತು.

ಮೋಟಾರ್ ಏಳದ ಹೊತ್ತು

ಇದನ್ನು ಅರಿಯಲು ಪಾವಗಡದ ಶೇಂಗಾ ಹೊಲದ ಬೋರ್‌ವೆಲ್ ಬಳಿ ಹೋಗೋಣ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯಲ್ಲಿ ಹಸಿರು ಗುಂಡಿ ಇದೆ. ಒತ್ತಿದರೆ ಮೋಟಾರ್ ಏಳಬೇಕು. ಆದರೆ ಲೈನಿನಲ್ಲಿ ತ್ರೀ ಫೇಸ್ ಕರೆಂಟ್ ಇಲ್ಲದ ಹೊತ್ತಿನಲ್ಲಿ, ಮನೆಯ ಬಲ್ಬು ಉರಿಯುತ್ತಿದ್ದರೂ, ಎಷ್ಟು ಸಲ ಗುಂಡಿ ಒತ್ತಿದರೂ ಮೋಟಾರ್ ಏಳದು. ತ್ರೀ ಫೇಸ್ ಬಂದಿದ್ದು ಗುಂಡಿ ಒತ್ತುವವರಿಲ್ಲದಿದ್ದರೂ ಅಷ್ಟೇ. ತ್ರೀ ಫೇಸ್ ಇರಬೇಕು, ಗುಂಡಿಯನ್ನೂ ಒತ್ತಬೇಕು. ಎರಡೂ ಕೂಡಿದರೆ ಮಾತ್ರ ನೀರು.

ಕುಟುಕು ಕೋಶವೂ ಇಂಥದೇ ಎರಡು ಷರತ್ತಿನ ಸ್ಟಾರ್ಟರ್. ಗುಂಡಿ ಎಂದರೆ ಸ್ಪರ್ಶ, ಏನೋ ಬಂದು ತಗುಲುವುದು. ತ್ರೀ ಫೇಸ್ ಎಂದರೆ ರಾಸಾಯನಿಕ ಗುರುತು, ಬಂದು ತಗುಲಿದ್ದು ಬೇಟೆ ಎಂದು ಹೇಳುವ ರುಚಿ.

1989ರಲ್ಲಿ ಅಮೆರಿಕದ ಗ್ಲೆನ್ ವಾಟ್ಸನ್ ಮತ್ತು ಡೇವಿಡ್ ಹೆಸಿಂಗರ್ ‘ಸೈನ್ಸ್’ ಪತ್ರಿಕೆಯಲ್ಲಿ ಇದರ ಒಂದು ಭಾಗ ಬಿಡಿಸಿದರು. ಬೇಟೆಯ ಮೈಮೇಲಿನ ಕೆಲವು ಬಗೆಯ ಸಕ್ಕರೆಗಳು ಕಡಲಹೂವಿಗೆ ತಾಕಿದಾಗ ಅದರ ಸ್ಪರ್ಶದ ಇಂದ್ರಿಯ ಬದಲಾಗುತ್ತದೆ, ಈಜುವ ಸಣ್ಣ ಜೀವಿಯ ಅಲುಗಾಟಕ್ಕೆ ತಕ್ಕಂತೆ ಸಜ್ಜಾಗುತ್ತದೆ ಎಂದು ತೋರಿಸಿದರು. ಇಲ್ಲಿ ಸಕ್ಕರೆ ಎಂದರೆ ಟೀಗೆ ಹಾಕುವುದಲ್ಲ, ಜೀವಕೋಶಗಳ ಹೊರಮೈಗೂ ಲೋಳೆಗೂ ಅಂಟಿಕೊಂಡಿರುವ ಸಣ್ಣ ಸಕ್ಕರೆ ಅಣುಗಳು.

ಕೋಶದೊಳಗಿನ ತಂತ್ರ 2020ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬೆಲೋನೋ ತಂಡದಿಂದ ಹೊರಬಂತು. ಗುಳಿಗೆ ಸಿಡಿಯಬೇಕಾದರೆ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಬೇಕು. ಕ್ಯಾಲ್ಸಿಯಂ ಬರುವ ಬಾಗಿಲು ಕೋಶದ ಗೋಡೆಯಲ್ಲಿದೆ, ಅದು ತೆರೆಯುವುದು ಗೋಡೆಯ ಆಚೀಚೆಗಿನ ಸಣ್ಣ ವಿದ್ಯುತ್ ವ್ಯತ್ಯಾಸದ ಮೇಲೆ. ಸುಮ್ಮನಿರುವ ಕೋಶದಲ್ಲಿ ಈ ಬಾಗಿಲು ಜಡವಾಗಿ ಬಿದ್ದಿರುತ್ತದೆ, ಬರೀ ಸ್ಪರ್ಶಕ್ಕೆ ಜಗ್ಗುವುದಿಲ್ಲ. ಬೇಟೆಯ ರಾಸಾಯನಿಕ ಗುರುತು ಬಂದಾಗ ಕೋಶದ ವಿದ್ಯುತ್ ಮಟ್ಟ ಇನ್ನಷ್ಟು ಇಳಿದು, ಬಾಗಿಲಿನ ಜಡತೆ ಬಿಡುತ್ತದೆ. ಆ ಮೇಲೆ ಸ್ಪರ್ಶವಾದರೆ ಬಾಗಿಲು ತೆರೆದು, ಕ್ಯಾಲ್ಸಿಯಂ ನುಗ್ಗಿ, ಗುಳಿಗೆ ಸಿಡಿಯುತ್ತದೆ. ಈ ಪ್ರಯೋಗ ನಡೆದದ್ದು ಕೆಸರಿನಲ್ಲಿ ಬಾಳುವ ಒಂದು ಪುಟ್ಟ ಕಡಲಹೂವಿನ ಮೇಲೆ, ಕೋಡಂಗಿ ಮೀನಿನ ಮನೆಯಾಗುವ ದೊಡ್ಡ ಜಾತಿಗಳ ಮೇಲಲ್ಲ. ಎಲ್ಲ ಜಾತಿಯಲ್ಲೂ ಇದು ಅಕ್ಷರಶಃ ಹೀಗೇ ಎನ್ನುವಂತಿಲ್ಲ. ಆದರೆ ರುಚಿ ಮತ್ತು ಸ್ಪರ್ಶ ಎರಡೂ ಸೇರಿ ಕುಟುಕು ನಿರ್ಧಾರವಾಗುತ್ತದೆ ಎಂಬುದು ಈಗ ಗಟ್ಟಿ.

ಇಲ್ಲಿ ನಿರ್ಧಾರ ಮಾಡುವುದು ಇಡೀ ಕಡಲಹೂವಲ್ಲ, ಒಂದೊಂದು ಕೋಶವೂ ತನ್ನಷ್ಟಕ್ಕೆ ಲೆಕ್ಕ ಹಾಕುತ್ತದೆ. ಮಿದುಳು ಬೇಕಿಲ್ಲದಿರುವುದು ಇದಕ್ಕೇ. ಈಗ ನಮ್ಮ ಪ್ರಶ್ನೆ ಸಣ್ಣದಾಯಿತು. ಕೋಡಂಗಿ ಮೀನು ದಿನವಿಡೀ ಗುಂಡಿ ಒತ್ತುತ್ತಲೇ ಇರುತ್ತದೆ. ತ್ರೀ ಫೇಸ್ ಮಾತ್ರ ಏಕೆ ಬರುವುದಿಲ್ಲ?

ಲೋಳೆಯಲ್ಲಿ ಕಡಿಮೆಯಾದ ಸಕ್ಕರೆ

ಕಡಲಹೂವನ್ನು ಎಚ್ಚರಿಸುವ ಸಕ್ಕರೆಗಳಲ್ಲಿ ಸಯಾಲಿಕ್ ಆಮ್ಲ ಎಂಬ ಗುಂಪು ಮುಖ್ಯವಾದದ್ದು. ಬೆನ್ನುಮೂಳೆ ಇರುವ ಪ್ರಾಣಿಗಳಿಗೆಲ್ಲ ಇದು ಬೇಕೇ ಬೇಕು. ನಮ್ಮ ಜೊಲ್ಲಿನಲ್ಲಿದೆ, ಮಿದುಳಿನಲ್ಲಿದೆ, ಮೀನಿನ ಲೋಳೆಯಲ್ಲೂ ಸಾಮಾನ್ಯವಾಗಿ ಧಾರಾಳವಾಗಿದೆ. ಕಡಲಹೂವಿನ ಮೈಯಲ್ಲಿ ಮಾತ್ರ ಇದಿಲ್ಲ. ಹಾಗಾಗಿ ಬೆರಳಿಗೆ ಈ ಸಕ್ಕರೆಯ ರುಚಿ ಹತ್ತಿತೆಂದರೆ ತಗುಲಿದ್ದು ತನ್ನ ಮೈಯಲ್ಲ, ಬಂಡೆಯೂ ಅಲ್ಲ, ತಿನ್ನಬಹುದಾದ ಒಂದು ಪ್ರಾಣಿ ಎಂದರ್ಥ.

ಮಲೇಷ್ಯಾದ ಸಂಶೋಧಕರು 2015ರಲ್ಲಿ ಕೋಡಂಗಿ ಮೀನಿನ ಲೋಳೆಯಲ್ಲಿ ಈ ಸಕ್ಕರೆ ತೀರಾ ಕಡಿಮೆ ಎಂದು ಅಳೆದು ಹೇಳಿದರು. ಜಪಾನಿನ ಒಕಿನಾವಾ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ನತಾಶಾ ರೂ, ವಿನ್ಸೆಂಟ್ ಲೋದೆ ಮತ್ತು ಸಂಗಡಿಗರು 2025ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಇನ್ನಷ್ಟು ಮುಂದಕ್ಕೆ ಒಯ್ದಿತು. ಅವರು ಹಲವು ಜಾತಿಯ ಕೋಡಂಗಿ ಮೀನುಗಳನ್ನೂ ಅವುಗಳ ಹತ್ತಿರದ ನೆಂಟರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದರು. ಕಡಲಹೂವಿನ ಜೊತೆ ಬಾಳದ ನೆಂಟರ ಲೋಳೆಯಲ್ಲಿ ಸಕ್ಕರೆ ಹೆಚ್ಚು, ಕೋಡಂಗಿ ಮೀನುಗಳಲ್ಲಿ ಕಡಿಮೆ. ಕೋಡಂಗಿ ಅಲ್ಲದಿದ್ದರೂ ಎಳೆತನದಲ್ಲಿ ಕಡಲಹೂವಿನ ಆಸರೆಯಲ್ಲಿ ಬೆಳೆಯುವ ಒಂದು ಕಪ್ಪು ಮೀನಿದೆ, ಮೈಮೇಲೆ ಮೂರು ಬಿಳಿ ಚುಕ್ಕೆ. ಅದರ ಲೋಳೆಯಲ್ಲೂ ಈ ಸಕ್ಕರೆ ಕಡಿಮೆಯೇ ಇತ್ತು. ಎಲ್ಲಕ್ಕಿಂತ ಬಲವಾದ ಸಾಕ್ಷಿ ಇದು. ಬೇರೆ ಕುಲದ ಮೀನೂ ಅದೇ ಮನೆಗೆ ಬರಬೇಕಾದಾಗ ಅದೇ ಉಪಾಯ ಹಿಡಿದಿದೆ.

ಅವರು ಮರಿಗಳನ್ನೂ ನೋಡಿದರು. ಕೋಡಂಗಿ ಮೀನಿನ ಮರಿ ಮೊಟ್ಟೆಯೊಡೆದು ಬಂದ ಕೂಡಲೇ ಕಡಲಹೂವಿಗೆ ಹೋಗುವುದಿಲ್ಲ. ಗಾಜಿನಷ್ಟು ಪಾರದರ್ಶಕ ಮೈಯಲ್ಲಿ ಕೆಲವು ದಿನ ತೆರೆದ ನೀರಿನಲ್ಲಿ ತೇಲುತ್ತದೆ. ಆಗ ಅದರ ಲೋಳೆಯಲ್ಲಿ ಸಕ್ಕರೆ ಮಾಮೂಲಿ ಮಟ್ಟದಲ್ಲಿದೆ, ಕಡಲಹೂವಿಗೆ ಸೋಕಿದರೆ ಕುಟುಕು ಖಾತ್ರಿ. ಆಮೇಲೆ ರೂಪ ಬದಲಾಗುವ ಹೊತ್ತು ಬರುತ್ತದೆ. ಕಿತ್ತಳೆ ಬಣ್ಣ ಏರಿ, ಬಿಳಿ ಪಟ್ಟೆ ಮೂಡುತ್ತದೆ. ಸಕ್ಕರೆ ಇಳಿಯುವುದೂ ಅದೇ ಹೊತ್ತಿಗೆ, ಮರಿ ಕಡಲಹೂವಿನೊಳಗೆ ಹೋಗಲು ಶಕ್ತವಾಗುವುದೂ ಅದೇ ಹೊತ್ತಿಗೆ. ಮಕ್ಕಳು ನೀಮೋವನ್ನು ಗುರುತಿಸುವ ಆ ಪಟ್ಟೆ, ಕಡಲಹೂವಿಗೆ ಮರಿಯ ಗುರುತು ಸಿಗದಂತಾಗುವ ಗಳಿಗೆಯಲ್ಲೇ ಮೂಡುತ್ತದೆ.

ಹಾಗಾದರೆ ಕಡಲಹೂವು ಈ ಮೀನನ್ನು ನಮ್ಮವನೆಂದು ಗುರುತಿಸುತ್ತಿಲ್ಲ. ಅದಕ್ಕೆ ಅಲ್ಲಿ ಮೀನಿದೆ ಎಂಬುದೇ ತಿಳಿಯುತ್ತಿಲ್ಲ. ಒಗಟಿನ ಉತ್ತರ ಇಷ್ಟೇ.

ಹಾಗಿದ್ದರೆ ಅಳುಕು ಏಕೆ?

ಮೀನು ಸಾಕಿದವರು ಇಲ್ಲೊಂದು ತಕರಾರು ಎತ್ತಬಹುದು. ಹೊಸದಾಗಿ ತಂದ ಕೋಡಂಗಿ ಮೀನು ಕಡಲಹೂವಿನೊಳಗೆ ಸೀದಾ ನುಗ್ಗುವುದಿಲ್ಲ. ಮೊದಲು ಬಾಲ ತಾಕಿಸಿ ಹಿಂದೆ ಸರಿಯುತ್ತದೆ. ಆಮೇಲೆ ಹೊಟ್ಟೆಯ ಬದಿ. ಒಮ್ಮೊಮ್ಮೆ ಬೆರಳು ಅಂಟಿಕೊಂಡು, ಕೊಸರಿ ಬಿಡಿಸಿಕೊಳ್ಳುತ್ತದೆ. ಈ ಪರಿಚಯ ಕೆಲವು ನಿಮಿಷಗಳಲ್ಲಿ ಮುಗಿಯಬಹುದು, ಗಂಟೆಗಟ್ಟಲೆ ಹಿಡಿಯಬಹುದು. ಬಹಳ ಕಾಲ ಕಡಲಹೂವಿನಿಂದ ದೂರ ಉಳಿದ ಕೆಲವು ಜಾತಿಯ ಮೀನುಗಳು ಮತ್ತೆ ಮೊದಲಿನಿಂದ ಪರಿಚಯ ಮಾಡಿಕೊಳ್ಳಬೇಕಾಗುತ್ತದೆ.

ಸಕ್ಕರೆಯೊಂದೇ ಪೂರ್ತಿ ಕಥೆಯಾಗಿದ್ದರೆ ಇಷ್ಟು ಅಳುಕು ಬೇಕಿರಲಿಲ್ಲ. ಹಳೆಯ ಮೊದಲ ಪಕ್ಷ ಹೇಳಿದ್ದರಲ್ಲೂ ಸತ್ಯಾಂಶವಿದೆ ಎನ್ನುತ್ತಾರೆ ಇಂದಿನ ಸಂಶೋಧಕರು. ಪರಿಚಯದ ಹೊತ್ತಿನಲ್ಲಿ ಲೋಳೆಯ ರಚನೆ ಬದಲಾಗುತ್ತದೆ, ಕಡಲಹೂವಿನ ಅಂಶಗಳೂ ಮೈಗೆ ಹತ್ತುತ್ತವೆ. ಕುಟುಕು ಕೋಶವನ್ನು ಕೆರಳಿಸುವ ಗುರುತುಗಳೂ ಒಂದೇ ಬಗೆಯವಲ್ಲ. ಮುಖ್ಯ ಗುರುತನ್ನು ಮೀನು ಹುಟ್ಟಿನ ಜೊತೆ ಬಂದ ಗುಣದಿಂದ ಅಡಗಿಸುತ್ತದೆ, ಉಳಿದ ಸಣ್ಣಪುಟ್ಟದ್ದನ್ನು ಪರಿಚಯದಿಂದ ಸರಿಪಡಿಸಿಕೊಳ್ಳುತ್ತದೆ. ಟ್ಯಾಂಕ್ ಇಟ್ಟವರಿಗೆ ಇದರಿಂದ ಸಿಗುವ ಪಾಠ ಸರಳ. ಮೀನನ್ನು ಬಲೆಯಲ್ಲಿ ಹಿಡಿದು ಕಡಲಹೂವಿನ ಮೇಲೆ ಬಿಡಬೇಡಿ. ಬಲೆ ಉಜ್ಜಿದರೆ ಲೋಳೆ ಹೋಗುತ್ತದೆ, ಲೋಳೆ ಹೋದರೆ ಕಾವಲೇ ಹೋಯಿತು.

ಯಾವ ಮೀನಿಗೆ ಯಾವ ಹೂವು

ಜಗತ್ತಿನಲ್ಲಿ ಸಾವಿರಕ್ಕೂ ಹೆಚ್ಚು ಜಾತಿಯ ಕಡಲಹೂವುಗಳಿವೆ. ಕೋಡಂಗಿ ಮೀನಿಗೆ ಮನೆಯಾಗುವವು ಅದರಲ್ಲಿ ಹತ್ತೇ. ಡಾಫ್ನಿ ಫಾಟಿನ್ ಮತ್ತು ಜೆರಾಲ್ಡ್ ಆ್ಯಲನ್ 1992ರ ತಮ್ಮ ಕೈಪಿಡಿಯಲ್ಲಿ 28 ಜಾತಿಯ ಮೀನುಗಳನ್ನೂ ಈ ಹತ್ತು ಮನೆಗಳನ್ನೂ ಜೋಡಿಸಿ ಪಟ್ಟಿ ಮಾಡಿದರು. ಕ್ಲಾರ್ಕ್ ಕೋಡಂಗಿ ಹತ್ತರಲ್ಲೂ ಇರಬಲ್ಲದು. ನೀಮೋ ಜಾತಿಗೆ ಕಡಲಿನಲ್ಲಿ ಒಗ್ಗುವುದು ಮೂರು. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲೂ ಸಿಗುವ ಸೆಬೇ ಕೋಡಂಗಿಗೆ ಒಂದೇ, ಮರಳಿನ ಮೇಲೆ ಜಮಖಾನೆ ಹಾಸಿದ ಹಾಗೆ ಹರಡುವ ಹ್ಯಾಡನ್ ಕಡಲಹೂವು.

ಮನೆಯ ಟ್ಯಾಂಕಿನಲ್ಲಿ ಈ ಪಟ್ಟಿ ತಪ್ಪುತ್ತದೆ. ಬೆರಳ ತುದಿ ಗುಳ್ಳೆಯಾಗಿ ಉಬ್ಬುವ ‘ಬಬಲ್ ಟಿಪ್’ ಕಡಲಹೂವು ಹವ್ಯಾಸಿಗಳ ಅಚ್ಚುಮೆಚ್ಚು. ಕಡಲಿನಲ್ಲಿ ನೀಮೋ ಅದರ ಹತ್ತಿರ ಸುಳಿಯುವುದಿಲ್ಲ, ಟ್ಯಾಂಕಿನಲ್ಲಿ ಅದೇ ಅದರ ಮನೆ. ನಮ್ಮ ಉತ್ತರ ಹಿಡಿದರೆ ಇದು ಅಚ್ಚರಿಯಲ್ಲ. ಕುಟುಕಿಸಿಕೊಳ್ಳದಿರುವುದು ಒಂದು ಗುಣ, ಮನೆ ಆರಿಸುವುದು ಇನ್ನೊಂದು. ಮೊದಲನೆಯದು ಲೋಳೆಗೆ ಬಿಟ್ಟದ್ದು. ಎರಡನೆಯದು ಮರಿಯಾಗಿದ್ದಾಗ ಕಲಿತ ವಾಸನೆ, ಸಿಗುವ ಜಾಗ, ಎದುರಾಳಿಗಳ ಪೈಪೋಟಿಗೆ ಬಿಟ್ಟದ್ದು. ಪೈಪೋಟಿ ಇಲ್ಲದ ಗಾಜಿನ ಟ್ಯಾಂಕಿನಲ್ಲಿ ಆಯ್ಕೆ ಸಡಿಲಾಗುತ್ತದೆ. ಕಡಲಹೂವನ್ನೇ ನೋಡದೆ ಹ್ಯಾಚರಿಯಲ್ಲಿ ಬೆಳೆದ ಮೀನು ವಾರಗಟ್ಟಲೆ ಅದರ ಕಡೆ ತಿರುಗಿಯೂ ನೋಡದಿರುವುದಕ್ಕೂ ಕಾರಣ ಇದೇ.

ಮೀನು ಮೀನಿನ ಜೋಡಿಗೂ ಒಂದು ನಿಯಮವಿದೆ. ಕೋಡಂಗಿ ಮೀನುಗಳಲ್ಲಿ ಹುಟ್ಟುತ್ತಲೇ ಹೆಣ್ಣು ಎಂಬುದಿಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಎರಡನೆಯದು ಗಂಡು, ಉಳಿದವು ಬೆಳವಣಿಗೆ ತಡೆದುಕೊಂಡು ಸರದಿ ಕಾಯುತ್ತವೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಜರ್ಮನಿಯ ಹಾನ್ಸ್ ಮತ್ತು ಸಿಮೋನ್ ಫ್ರಿಕೆ 1977ರಲ್ಲಿ ಇದನ್ನು ತೋರಿಸಿದರು. ಆದ್ದರಿಂದ ಒಂದು ಟ್ಯಾಂಕಿಗೆ ಎರಡೇ ಎಳೆಯ ಮೀನು ತನ್ನಿ, ಒಂದು ತುಸು ದೊಡ್ಡದಿರಲಿ. ಗಂಡು ಹೆಣ್ಣು ಅವೇ ಹಂಚಿಕೊಳ್ಳುತ್ತವೆ. ಸಣ್ಣ ಟ್ಯಾಂಕಿಗೆ ಮೂರನೆಯದು ಬಂದರೆ ಅದು ಪೆಟ್ಟು ತಿಂದೇ ಸಾಯುವುದು ಹೆಚ್ಚು.

ಕೊಟ್ಟು ತೆಗೆದುಕೊಳ್ಳುವ ಲೆಕ್ಕ

ಮೀನಿಗೆ ಸಿಗುವುದು ಕಾವಲು. ಬೇಟೆಯ ಮೀನುಗಳು ಕುಟುಕುವ ಬೆರಳುಗಳ ಹತ್ತಿರ ಬರುವುದಿಲ್ಲ. ಕಡಲಹೂವಿಗೆ ಸಿಗುವುದೇನು?

ಮೊದಲನೆಯದು, ಇತ್ತಲಿಂದಲೂ ಕಾವಲು. ಚಿಟ್ಟೆ ಮೀನು ಎಂಬ ಜಾತಿ ಕಡಲಹೂವಿನ ಬೆರಳನ್ನೇ ಕಚ್ಚಿ ತಿನ್ನುತ್ತದೆ, ಕೋಡಂಗಿ ಮೀನು ಅದನ್ನು ಅಟ್ಟುತ್ತದೆ. ಎರಡನೆಯದು, ಗೊಬ್ಬರ. ಕಡಲಹೂವಿನ ಮೈಯೊಳಗೆ ಬರಿಗಣ್ಣಿಗೆ ಕಾಣದ ಪಾಚಿಗಳು ಬಾಳುತ್ತವೆ. ಬೆಳಕು ಹಿಡಿದು ಅವು ತಯಾರಿಸುವ ಆಹಾರದಲ್ಲಿ ದೊಡ್ಡ ಪಾಲು ಕಡಲಹೂವಿಗೇ ಸೇರುತ್ತದೆ. ಮೀನು ಹೊರಬಿಡುವ ಅಮೋನಿಯ ಆ ಪಾಚಿಗೆ ಗೊಬ್ಬರ. ಮೂರನೆಯದು, ಗಾಳಿ. ರಾತ್ರಿ ಪಾಚಿ ಆಮ್ಲಜನಕ ಮಾಡುವುದಿಲ್ಲ. ಆಗ ಬೆರಳುಗಳ ನಡುವೆ ಹೊರಳಾಡುವ ಮೀನು ಹೊಸ ನೀರನ್ನು ಒಳಗೆ ಎಳೆಯುತ್ತದೆ. ಕೆಂಪು ಸಮುದ್ರದ ಜೋಡಿಯ ಮೇಲೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬೇರೆ ಬೇರೆ ಇದ್ದಾಗಿನ ಮೊತ್ತಕ್ಕಿಂತ ಜೊತೆಗಿದ್ದಾಗ ಎರಡೂ ಸೇರಿ 1.4 ಪಟ್ಟು ಆಮ್ಲಜನಕ ಬಳಸಿದವು.

ಪಾಚಿಯ ವಿಷಯ ಮನೆಯಲ್ಲಿ ಟ್ಯಾಂಕ್ ಇಡುವವರು ಮರೆಯಲೇಬಾರದ್ದು. ಕಡಲಹೂವು ಕುಟುಕಿ ತಿನ್ನುವ ಬೇಟೆಗಾರ ನಿಜ, ಆದರೆ ಬದುಕಿರುವುದು ಬಹುಪಾಲು ಬೆಳಕಿನಿಂದ.

ಪಾವಗಡದ ನೀರಿನಲ್ಲಿ ಕಡಲು

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. 100 ಲೀಟರ್ ಟ್ಯಾಂಕಿಗೆ ಮೂರೂವರೆ ಕಿಲೋ. ಅಡುಗೆ ಉಪ್ಪು ಸುರಿದರೆ ಕಡಲಾಗದು. ಕಡಲ ಉಪ್ಪಿನಲ್ಲಿ ಅಡುಗೆ ಉಪ್ಪಿನ ಅಂಶ ನೂರಕ್ಕೆ ಸುಮಾರು 85 ಮಾತ್ರ, ಉಳಿದದ್ದು ಮೆಗ್ನೀಷಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಸಲ್ಫೇಟ್. ಆ ಖನಿಜಗಳಲ್ಲಿ ಬಹಳಷ್ಟು ಕಡಲಿಗೆ ಹೋದದ್ದು ಬಂಡೆ ಕರಗಿ, ಹೊಳೆಯಲ್ಲಿ ಹರಿದು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾಯ್ದು ಉತ್ತರ ಪಿನಾಕಿನಿ ಸೇರುವ ಜಯಮಂಗಲಿಯೂ ಈ ಕೆಲಸ ಮಾಡಿದ ಹೊಳೆಗಳಲ್ಲೊಂದು. ಮನೆಯಲ್ಲಿ ಕಡಲು ಮಾಡುವವರು ಈ ಎಲ್ಲವನ್ನೂ ಅಳತೆಯಲ್ಲಿ ಸೇರಿಸಿದ ಮೆರೈನ್ ಸಾಲ್ಟ್ ಪುಡಿಯನ್ನೇ ಬಳಸಬೇಕು.

ಉಪ್ಪು ಕಲಸಲು ಯಾವ ನೀರು? ಪಾವಗಡ, ಮಧುಗಿರಿ, ಶಿರಾ ಕಡೆಯ ಬೋರ್‌ವೆಲ್ ನೀರೆಂದರೆ ಎಲ್ಲರ ಬಾಯಲ್ಲೂ ಫ್ಲೋರೈಡ್. ನಮ್ಮ ಹಲ್ಲು ಮೂಳೆಗಳಿಗೆ ಅದು ನಿಜಕ್ಕೂ ವೈರಿ, ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಆದರೆ ಕಡಲ ನೀರಿನಲ್ಲೇ ಲೀಟರಿಗೆ ಸುಮಾರು 1.3 ಮಿಲಿಗ್ರಾಂ ಫ್ಲೋರೈಡ್ ಇದೆ. ಟ್ಯಾಂಕಿಗೆ ಅದಕ್ಕಿಂತ ಕಾಟ ಕೊಡುವವು ಬೇರೆ. ಗೊಬ್ಬರದಿಂದ ಇಳಿದ ನೈಟ್ರೇಟ್ ಮತ್ತು ಕಗ್ಗಲ್ಲಿನಿಂದ ಕರಗಿದ ಸಿಲಿಕಾ ಬೇಡದ ಪಾಚಿಯನ್ನು ಬೆಳೆಸುತ್ತವೆ, ಗಡಸು ನೀರು ಪುಡಿಯ ಅಳತೆಯನ್ನೇ ಕೆಡಿಸುತ್ತದೆ. ಇದಕ್ಕೆ ಮದ್ದು ಊರಲ್ಲೇ ಇದೆ. ಈ ಭಾಗದ ಹಳ್ಳಿಹಳ್ಳಿಗಳಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕಗಳು ಕೆಲಸ ಮಾಡುವುದು ಆರ್‌ಒ ತಂತ್ರದಿಂದ, ಕಡಲಹೂವು ಸಾಕುವವರು ಜಗತ್ತಿನೆಲ್ಲೆಡೆ ನಂಬುವುದೂ ಅದನ್ನೇ. ಟಿಡಿಎಸ್ ಮೀಟರ್ ಅದ್ದಿ ನೋಡಿ. ಸೊನ್ನೆಗೆ ಹತ್ತಿರ ಬರುವವರೆಗೆ ಇನ್ನೊಂದು ಶೋಧಕ ಹಾಯಿಸಿದರೆ ನೀರು ಸಿದ್ಧ.

ಬಿಸಿಲಿಗೆ ಇಲ್ಲಿ ಬರವಿಲ್ಲ. 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ತಿರುಮಣಿಗೆ ಬಂದದ್ದೇ ಅದಕ್ಕೆ. ಆದರೆ ಟ್ಯಾಂಕನ್ನು ಕಿಟಕಿಯ ಬಿಸಿಲಿಗೆ ಇಟ್ಟರೆ ಬೆಳಕಿನ ಜೊತೆ ಕಾವೂ ಬರುತ್ತದೆ. ಕಡಲಹೂವಿಗೆ ಹಿತವಾದದ್ದು 25ರಿಂದ 27 ಡಿಗ್ರಿಯ ನೀರು. 30 ದಾಟಿ ಹಾಗೇ ನಿಂತರೆ ಅದು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ, ಆಮೇಲೆ ಹಸಿವಿನಿಂದ ಸಾಯುತ್ತದೆ. ಎಲ್‌ಇಡಿ ದೀಪದ ಬೆಳಕು, ನೀರಿನ ಮೇಲೆ ಬೀಸುವ ಸಣ್ಣ ಫ್ಯಾನು ಒಳ್ಳೆಯ ದಾರಿ. ನೀರು ಆವಿಯಾಗುವಾಗ ತಣಿಯುತ್ತದೆ. ಈ ಉಪಾಯ ಜಿಗುಟು ಹವೆಯ ಮಂಗಳೂರಿಗಿಂತ ಒಣ ಗಾಳಿಯ ಪಾವಗಡದಲ್ಲಿ ಚೆನ್ನಾಗಿ ನಡೆಯುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿಯುತ್ತದೆ. ಕಡಿಮೆಯಾದಷ್ಟನ್ನು ದಿನವೂ ಸಿಹಿನೀರಿನಿಂದಲೇ ತುಂಬಬೇಕು, ಉಪ್ಪುನೀರು ಸುರಿದರೆ ದಿನದಿಂದ ದಿನಕ್ಕೆ ಉಪ್ಪು ಏರುತ್ತದೆ.

ಇಷ್ಟಾದರೂ ನೀರು ಇನ್ನೂ ಹೊಸದು. ಮೀನಿನ ಅಮೋನಿಯವನ್ನು ಒಡೆಯುವ ಬ್ಯಾಕ್ಟೀರಿಯಗಳು ನೆಲೆಯೂರಲು ಒಂದೂವರೆ ತಿಂಗಳಾದರೂ ಬೇಕು. ಮೀನಿಗೆ ಅಷ್ಟು ಸಾಕು. ಕಡಲಹೂವಿಗೆ ಸಾಲದು. ಟ್ಯಾಂಕ್ ಕಟ್ಟಿ ಆರು ತಿಂಗಳಿಂದ ಒಂದು ವರ್ಷ ಏರುಪೇರಿಲ್ಲದೆ ನಡೆದ ಮೇಲೆಯೇ ಅದನ್ನು ತರಬೇಕು ಎಂಬುದು ಅನುಭವಿಗಳ ಮಾತು. ಅದು ಜಾಗ ಹಿಡಿಸದಿದ್ದರೆ ಪಾದ ಎಳೆದುಕೊಂಡು ನಡೆಯುತ್ತದೆ, ಪಂಪಿನ ಬಾಯಿಗೆ ಸಿಕ್ಕಿದರೆ ಚೂರುಚೂರು. ಸತ್ತ ಕಡಲಹೂವು ಒಂದೇ ರಾತ್ರಿಯಲ್ಲಿ ಇಡೀ ಟ್ಯಾಂಕಿನ ನೀರು ಕೆಡಿಸಬಲ್ಲದು. ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ಒಂದು ಇರಲೇಬೇಕು. ಮೀನಿನ ರೋಗಕ್ಕೆ ಹಾಕುವ ತಾಮ್ರದ ಔಷಧಿ ಕಡಲಹೂವಿಗೆ ವಿಷ, ಅದನ್ನು ಈ ಟ್ಯಾಂಕಿಗೆ ಮುಟ್ಟಿಸಬಾರದು.

ಕೊಳ್ಳುವ ಮುನ್ನ

ಕಡಲಿನಲ್ಲಿ ಕೋಡಂಗಿ ಮೀನಿಗೆ ಕಡಲಹೂವು ಬೇಕೇ ಬೇಕು, ಬೇಟೆಯ ಮೀನುಗಳಿಂದ ತಪ್ಪಿಸಿಕೊಳ್ಳಲು. ಮನೆಯ ಟ್ಯಾಂಕಿನಲ್ಲಿ ಬೇಟೆಯ ಮೀನೇ ಇಲ್ಲ. ಅಲ್ಲಿ ಕಡಲಹೂವಿಲ್ಲದೆಯೂ ಅದು ಇಪ್ಪತ್ತು ವರ್ಷದವರೆಗೆ ಬಾಳಬಲ್ಲದು, ಮೊಟ್ಟೆಯನ್ನೂ ಇಡುತ್ತದೆ. ಹಾಗಾಗಿ ಮೊದಲು ಮೀನು, ಕಡಲಹೂವು ಆಮೇಲೆ. ಟ್ಯಾಂಕ್ ಅದಕ್ಕೆ ತಕ್ಕಂತೆ ಹದಗೊಳ್ಳದಿದ್ದರೆ ಕಡಲಹೂವು ಬೇಡವೇ ಬೇಡ.

ಮೀನನ್ನು ಕಡಲಿನಿಂದ ಹಿಡಿದು ತರಿಸುವ ಅಗತ್ಯವೂ ಈಗಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಳಿಂಜಂ ಮತ್ತು ಮಂಡಪಂ ಕೇಂದ್ರಗಳು ಹಲವು ಜಾತಿಯ ಕೋಡಂಗಿ ಮೀನುಗಳನ್ನು ಹ್ಯಾಚರಿಯಲ್ಲೇ ಮರಿ ಮಾಡಿಸುವ ವಿಧಾನ ರೂಪಿಸಿವೆ. ಬಬಲ್ ಟಿಪ್ ಕಡಲಹೂವು ಟ್ಯಾಂಕಿನಲ್ಲೇ ಒಡೆದು ಎರಡಾಗುತ್ತದೆ, ಇನ್ನೊಬ್ಬರ ಟ್ಯಾಂಕಿನಲ್ಲಿ ಹೀಗೆ ಒಡೆದದ್ದು ಸಿಕ್ಕರೆ ಅದೇ ಒಳ್ಳೆಯದು. ಬಂಡೆ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಟ್ಯಾಂಕಿನ ಅಂದಕ್ಕೆಂದು ನಮ್ಮ ಕಡಲಿನ ಹವಳ ಕಿತ್ತು ಮಾರುವುದೂ ಕೊಳ್ಳುವುದೂ ಅಪರಾಧ. ಅಂಗಡಿಯಲ್ಲಿ ಮೀನು ತೋರಿಸಿದಾಗ ಬೆಲೆ ಕೇಳುವ ಮೊದಲು ಒಂದು ಪ್ರಶ್ನೆ ಕೇಳಿ: ‘ಇದು ಹ್ಯಾಚರಿ ಮೀನೋ, ಕಡಲಿನಿಂದ ಹಿಡಿದದ್ದೋ?’ ಉತ್ತರ ಸರಿಯಾಗಿ ಬಾರದಿದ್ದರೆ ಕೊಳ್ಳದೆ ವಾಪಸು ಬನ್ನಿ.